ಜೋಳದ ಮಾಲ್ಟ್ ಸಿಹಿ ಆಗ್ತಿಲ್ಲ, ಎಲ್ಲಿ ತಪ್ಪಿದೆ?

ಮುತ್ಯಾನಮೊಮ್ಮಗ, ವಿಜಯಪುರ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯೋದು ಇದೇ ಮೊದಲು.

ಕೆಲಸದ ಮೇಲೆ ನಾಲ್ಕು ವರ್ಷ ಇಂಗ್ಲೆಂಡಿನಲ್ಲಿದ್ದೆ. ಪಕ್ಕದ ಮನೆಯ ಅಜ್ಜ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದರು. ಅಲ್ಲಿ 1963ರಿಂದ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಅವರ ಜೊತೆ ನಾನೂ ಕಲಿತೆ. ಖರೆ ಹೇಳಬೇಕೆಂದರೆ ಕುಡಿಯೋದಕ್ಕಿಂತ ಮಾಡೋದರ ಹುಚ್ಚೇ ಜಾಸ್ತಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು (ಮಾಲ್ಟ್ ಅನ್ನೋದು ಇದಕ್ಕೇ) ಒಡೆದು, 66 ಡಿಗ್ರಿ ನೀರಿನಲ್ಲಿ ಒಂದು ತಾಸು ಇಟ್ಟರೆ, ಸಪ್ಪೆ ಹಿಟ್ಟಿನ ನೀರು ಪಾನಕದಂತೆ ಸಿಹಿ ಆಗುತ್ತದೆ. ಸಕ್ಕರೆ ಒಂದು ಕಾಳೂ ಹಾಕಿರೋದಿಲ್ಲ. ಮೊದಲ ಸಲ ಚಮಚದಲ್ಲಿ ರುಚಿ ನೋಡಿದಾಗ ಮೋಸ ಮಾಡ್ತಿದ್ದಾರೆ ಅಂದುಕೊಂಡಿದ್ದೆ.

ಈಗ ಊರಿಗೆ ಬಂದಿದ್ದೇನೆ. ಇಲ್ಲಿ ಮನೆಯಲ್ಲಿ ಬಿಯರ್ ಹುದುಗಿಸುವ ಹಾಗಿಲ್ಲ, ಗೊತ್ತು. ನನಗೆ ಬೇಕಿರೋದು ಈಸ್ಟ್ ಹಾಕುವುದಕ್ಕೆ ಮುಂಚಿನ ಸಿಹಿ ರಸ ಅಷ್ಟೇ. ಅದನ್ನು ಕುದಿಸಿ, ತಣ್ಣಗೆ ಮಾಡಿ, ಇಂಡಿ ನಿಂಬೆ ಹಿಂಡಿ ಕುಡಿಯೋದು. ಬಾರ್ಲಿ ಯಾಕೆ ತರಿಸಬೇಕು, ಹೊಲದಲ್ಲಿ ಬೆಳೆದ ಬಿಳಿಜೋಳ ಮನೆಯಲ್ಲೇ ಇದೆಯಲ್ಲ ಅನ್ನಿಸಿತು.

ಮಾಡಿದ್ದು ಇಷ್ಟು. ಈ ವರ್ಷದ ಮಾಲದಂಡಿ ಜೋಳ 1 ಕಿಲೋ. ಒಂದು ಹಗಲು ಒಂದು ರಾತ್ರಿ ನೆನೆಸಿದೆ. ಒದ್ದೆ ಗೋಣಿಚೀಲದಲ್ಲಿ ಮೂರು ದಿನ ಇಟ್ಟೆ. ಮೊಳಕೆ ಚೆನ್ನಾಗಿ ಬಂತು. ಎರಡು ದಿನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ನುಚ್ಚಿನ ಹಾಗೆ ಒಡೆಸಿದೆ. ಗಿರಣಿಯವರು ಕಾಳು ಮೂಸಿ ನೋಡಿ 'ಇದು ಕೆಟ್ಟೈತಲ್ರೀ' ಅಂದರು. ಆಮೇಲೆ 4 ಲೀಟರ್ ನೀರಿನಲ್ಲಿ 66 ಡಿಗ್ರಿ, ಒಂದೂವರೆ ತಾಸು.

ಬಂದದ್ದು ಗಂಜಿಯೂ ಅಲ್ಲ, ಅಂಬಲಿಯೂ ಅಲ್ಲ. ಸಿಹಿ ಎಲ್ಲೋ ದೂರದಲ್ಲಿ. ಬಿಳಿ ತಟ್ಟೆ ಮೇಲೆ ಒಂದು ಹನಿ ಹಾಕಿ, ಅದಕ್ಕೆ ಟಿಂಚರ್ ಅಯೋಡಿನ್ ಬಿಟ್ಟರೆ ಶಾಯಿ ಚೆಲ್ಲಿದ ಹಾಗೆ ಕಡು ನೀಲಿ. ಅಂದರೆ ಹಿಟ್ಟು ಹಿಟ್ಟಾಗಿಯೇ ಇದೆ. ಸೋಸಲು ಹೋದರೆ ಬಟ್ಟೆ ಕಟ್ಟಿಕೊಂಡಿತು. ಎರಡು ಸಲ ಹೀಗೇ ಆಯಿತು. ಎಲ್ಲಿ ತಪ್ಪುತ್ತಿದ್ದೇನೆ?


ಎರೆಹೊಲ, ಬಸವನ ಬಾಗೇವಾಡಿ | ಶನಿವಾರ ರಾತ್ರಿ 10:05

ಬಿಯರ್ ವಿಷಯ ನನಗೆ ಗೊತ್ತಿಲ್ಲ. ಜೋಳದ ವಿಷಯ ಗೊತ್ತು. ತಮ್ಮಾ, ಮೊಳಕೆ ಬೇರು ಸಮೇತ ಒಡೆಸಿದಿರಾ? ಹಾಗಿದ್ದರೆ ಮೊದಲು ಅದನ್ನು ಚೆಲ್ಲಿ. ದನಕ್ಕೂ ಹಾಕಬೇಡಿ.

ಎಳೆ ಜೋಳದ ಹೊಲಕ್ಕೆ ನಾವು ದನ ಬಿಡೋದಿಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಪೈರಿಗಂತೂ ಇಲ್ಲವೇ ಇಲ್ಲ. ಕಟಾವು ಆದ ಮೇಲೆ ಬುಡದಿಂದ ಚಿಗುರುತ್ತಲ್ಲ, ಅದೂ ಅಷ್ಟೇ. ನಾನು ಸಣ್ಣವನಿದ್ದಾಗ ನಮ್ಮ ಎತ್ತು ಒಂದು ಹಗ್ಗ ಹರಿದುಕೊಂಡು ಹೋಗಿ ಗೇಣುದ್ದದ ಪೈರು ಮೇಯ್ದಿತ್ತು. ಅರ್ಧ ತಾಸಿನಲ್ಲಿ ಬಿತ್ತು. ಬಾಯಲ್ಲಿ ನೊರೆ. ಅಪ್ಪ ಬೆಲ್ಲದ ನೀರು ಹಾಕಿದರು, ಉಳಿಯಲಿಲ್ಲ. ಮೊಳಕೆ ಅಂದರೆ ಎಳೆ ಪೈರೇ ಅಲ್ವಾ?


ಮುತ್ಯಾನಮೊಮ್ಮಗ | ಶನಿವಾರ ರಾತ್ರಿ 10:11

ಬೇರು ಸಮೇತವೇ ಒಡೆಸಿದ್ದೆ ಅಣ್ಣಾ. ಬಾರ್ಲಿಗೂ ಬೇರು ತೆಗೀತಾರೆ, ಆದರೆ ಅದು ಕಹಿ ಬರುತ್ತೆ ಅಂತ. ಈ ವಿಷಯ ತಲೆಗೇ ಬರಲಿಲ್ಲ. ರುಚಿಗೆ ಎರಡು ಚಮಚ ಕುಡಿದಿದ್ದೆ ಅಷ್ಟೇ, ಏನೂ ಆಗಿಲ್ಲ.


ತಿಳಕವಾಡಿಅಕ್ಕ, ಬೆಳಗಾವಿ | ಶನಿವಾರ ರಾತ್ರಿ 10:30

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಪಾಠ ಮಾಡುತ್ತೇನೆ, ಆ ಕಡೆಯಿಂದ ಎರಡು ಮಾತು.

ಜೋಳದ ಎಳೆ ಚಿಗುರಿನಲ್ಲಿ ಧುರಿನ್ ಅನ್ನುವ ಪದಾರ್ಥ ಇರುತ್ತದೆ. ಜಗಿದಾಗ, ಅರೆದಾಗ ಅದು ಒಡೆದು ಸಯನೈಡ್ ಹೊರಗೆ ಬರುತ್ತದೆ. ಒಣ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರೊಟ್ಟಿ ತಿಂದು ಬೆಳೆದವರು ನಾವು, ಆ ಭಯ ಬೇಡ. ಮೊಳಕೆ ಒಡೆದ ಮೇಲೆ ಅದು ಹೆಚ್ಚಾಗಿ ಬೇರು ಮತ್ತು ಚಿಗುರಿನಲ್ಲೇ ಸೇರುತ್ತದೆ. ಹೀಗಾಗಿ ಪೂರ್ತಿ ಒಣಗಿಸಿ, ಗೋಣಿಚೀಲದ ಮೇಲೆ ಹಾಕಿ ಅಂಗೈಯಿಂದ ಗಟ್ಟಿಯಾಗಿ ತಿಕ್ಕಿ. ಬೇರು, ಚಿಗುರು ಪುಡಿಯಾಗಿ ಉದುರುತ್ತವೆ. ಮೊರದಲ್ಲಿ ಕೇರಿ ತೆಗೆಯಿರಿ. ಒಂದು ಸಲ ಅಲ್ಲ, ಕಾಳು ಬೋಳಾಗಿ ಕಾಣುವ ತನಕ. ರಸ ಕುದಿಸುವಾಗ ಪಾತ್ರೆ ಮುಚ್ಚಬೇಡಿ. ಹೈಡ್ರೋಜನ್ ಸಯನೈಡ್ 26 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಉಳಿದಿದ್ದರೆ ಹಾರಿಹೋಗಲಿ. ಕಿಟಕಿ ತೆಗೆದಿಡಿ.

ಮೊಳಕೆ ಜೋಳವನ್ನು ಹಸಿಯಾಗಿ ಕೋಸಂಬರಿ ಮಾಡುವ ವೀಡಿಯೊ ಯಾರೋ ಹಾಕಿದ್ದರು. ಹೆಸರು ಕಾಳು ಬೇರೆ, ಜೋಳ ಬೇರೆ. ದಯವಿಟ್ಟು ಮಾಡಬೇಡಿ.

ಇನ್ನೊಂದು. ಕೃಷಿ ಅಂಗಡಿಯಿಂದ ತಂದ ಬಿತ್ತನೆ ಬೀಜ ಉಪಯೋಗಿಸಬೇಡಿ. ಅದಕ್ಕೆ ಔಷಧ ಹಚ್ಚಿರುತ್ತಾರೆ. ಗುಲಾಬಿ ಬಣ್ಣ ತೊಳೆದರೆ ಹೋಗುತ್ತೆ, ಔಷಧ ಹೋಗೋದಿಲ್ಲ.


ಗೋಕಾಕಕರದಂಟು, ಪುಣೆ | ಭಾನುವಾರ ಬೆಳಿಗ್ಗೆ 7:50

ಊರು ಗೋಕಾಕ, ಕೆಲಸ ಪುಣೆಯ ಒಂದು ಮೈಕ್ರೋಬ್ರೂವರಿಯಲ್ಲಿ, ಅಂದರೆ ಸಣ್ಣ ಬಿಯರ್ ಕಾರ್ಖಾನೆಯಲ್ಲಿ. ನಿಮ್ಮ ತೊಂದರೆ ಓದಿ ನಗು ಬಂತು, ಯಾಕೆಂದರೆ ನಾನೂ ಇದೇ ಗುಂಡಿಗೆ ಬಿದ್ದಿದ್ದೆ.

ಒಂದು ಪ್ರಶ್ನೆ. ಮನೆಯಲ್ಲಿ ರೊಟ್ಟಿ ಮಾಡುವಾಗ ಎಸರು ಯಾಕೆ ಇಡುತ್ತಾರೆ? ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಬಹುದು. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ನಾದಿ ತಟ್ಟಿ ನೋಡಿ, ಅಂಚು ಹರಿದು ತವೆಗೆ ಹೋಗುವ ಮುಂಚೆಯೇ ಮೂರು ತುಂಡು. ಗೋಧಿಗೆ ಗ್ಲೂಟನ್ ಅನ್ನುವ ಅಂಟು ಇದೆ. ಜೋಳಕ್ಕೆ ಇಲ್ಲ. ಕುದಿ ನೀರು ಬಿದ್ದಾಗ ಜೋಳದ ಪಿಷ್ಟ ಉಬ್ಬಿ ಜಿಗಟಾಗುತ್ತದೆ, ಆ ಜಿಗಟಿನ ಮೇಲೆ ರೊಟ್ಟಿ ನಿಲ್ಲುತ್ತದೆ. ಬೆಚ್ಚನೆ ನೀರು ಸಾಲದು, ಕುದಿಯಬೇಕು. ಇದು ನಿಮ್ಮ ಅವ್ವನಿಗೆ ಗೊತ್ತು.

ನಿಮ್ಮ ಡಬರಿಯಲ್ಲೂ ಆಗಿದ್ದು ಇದೇ. ಬಾರ್ಲಿಯ ಪಿಷ್ಟ 60–65 ಡಿಗ್ರಿಗೇ ಉಬ್ಬಿ ಬಾಯಿ ತೆರೆಯುತ್ತದೆ. ಆ ಬಿಸಿಯಲ್ಲಿ ಮೊಳಕೆಯ ಕಿಣ್ವಗಳೂ ಬದುಕಿರುತ್ತವೆ, ಅಲ್ಲೇ ಕಡಿದು ಸಕ್ಕರೆ ಮಾಡುತ್ತವೆ. ಎರಡೂ ಒಂದೇ ಹೊತ್ತಿಗೆ. ಜೋಳದ ಪಿಷ್ಟ ಉಬ್ಬಲು 70 ದಾಟಬೇಕು, ಪೂರ್ತಿ ಉಬ್ಬಲು 75ರ ಮೇಲೆ ಹೋಗಬೇಕು. ಅಷ್ಟು ಬಿಸಿಗೆ ಕಿಣ್ವ ಸಾಯುತ್ತದೆ. 66ರಲ್ಲಿ ಇಟ್ಟರೆ ಕಿಣ್ವ ಬದುಕಿದೆ, ಕಡಿಯಲು ಏನೂ ಸಿಗುತ್ತಿಲ್ಲ. 80ರಲ್ಲಿ ಇಟ್ಟರೆ ಊಟ ಬಡಿಸಿದೆ, ಉಣ್ಣುವವರು ಸತ್ತಿದ್ದಾರೆ.

ದಾರಿ ಇದೆ. ಮೊದಲು ಕಿಣ್ವವನ್ನು ಬೇರೆ ತೆಗೆದಿಡಬೇಕು.

ಮಾಲ್ಟ್ ನುಚ್ಚನ್ನು 45 ಡಿಗ್ರಿ ನೀರಿನಲ್ಲಿ ಕಲಸಿ ಅರ್ಧ ತಾಸು ಬಿಡಿ. ಕೈ ಹಾಕಿದರೆ ಬಿಸಿ ಅನ್ನಿಸಬೇಕು, ಸುಡಬಾರದು. ಕಿಣ್ವಗಳು ನೀರಿಗೆ ಇಳಿಯುತ್ತವೆ. ಅಲ್ಲಾಡಿಸದೆ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಸೌಟಿನಿಂದ ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದು ಪಕ್ಕಕ್ಕಿಡಿ. ಇದೇ ನಿಮ್ಮ ಬಂಗಾರ, ಒಲೆ ಹತ್ತಿರ ಇಡಬೇಡಿ. ತಳದ ಗಟ್ಟಿಯನ್ನು ಇನ್ನಷ್ಟು ನೀರು ಹಾಕಿ 20–30 ನಿಮಿಷ ಚೆನ್ನಾಗಿ ಕುದಿಸಿ. ತಳ ಹಿಡಿಯುತ್ತೆ, ಕೈ ಬಿಡದೆ ತಿರುವಬೇಕು. ಗಂಜಿ ಆದ ಮೇಲೆ ಸ್ವಲ್ಪ ಆರಿಸಿ ತಿಳಿಯನ್ನು ಸೇರಿಸಿ. ಎರಡೂ ಕೂಡಿ 63–64ಕ್ಕೆ ನಿಲ್ಲಬೇಕು. ಐದು ನಿಮಿಷದಲ್ಲಿ ನೋಡಿ, ಸೌಟು ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ನೀರಾಗುತ್ತದೆ. ನನಗೆ ಈ ಕೆಲಸದಲ್ಲಿ ಇವತ್ತಿಗೂ ಇಷ್ಟವಾದ ಐದು ನಿಮಿಷ ಅದು. ಆಮೇಲೆ ಒಂದೂವರೆ ತಾಸು ಬಿಸಿ ಹಿಡಿದಿಡಬೇಕು.

ಬಿಸಿಲಿನ ವಿಷಯ. ಒದ್ದೆ ಮಾಲ್ಟ್ 50 ಡಿಗ್ರಿ ದಾಟಿದರೆ ಕಿಣ್ವ ಅಲ್ಲೇ ಅರ್ಧ ಸಾಯುತ್ತದೆ. ವಿಜಯಪುರದ ಮಾಳಿಗೆ ಮಾರ್ಚ್‌ನಲ್ಲೇ ಕಾದ ಹಂಚು. ಮೊದಲ ದಿನ ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ, ನೀರಿನ ಅಂಶ ಹೋದ ಮೇಲೆ ಬಿಸಿಲಿಗೆ ಹಾಕಿ. ಮೊಳಕೆಗೆ ಮಾತ್ರ ನಿಮ್ಮ ಊರು ಭಾಳ ಚಲೋ. ಬಾರ್ಲಿಗೆ 15 ಡಿಗ್ರಿ ತಂಪು ಬೇಕು, ಜೋಳಕ್ಕೆ 25–30 ಇದ್ದರೆ ಖುಷಿ. ಮೂರು ದಿನ ಸಾಲದು, ನಾಲ್ಕೈದು ದಿನ ಬಿಡಿ. ದಿನಕ್ಕೆ ಎರಡು ಸಲ ಕೈಯಾಡಿಸಿ, ನೀರು ಚಿಮುಕಿಸಿ. ಹುಳಿ ವಾಸನೆ ಬಂದರೆ ಅಥವಾ ಬೂಸ್ಟು ಹತ್ತಿದರೆ ಪೂರ್ತಿ ತಿಪ್ಪೆಗೆ.


ಬ್ರಿಕ್ಸ್‌ಮಾಸ್ತರ, ಮುಧೋಳ | ಭಾನುವಾರ ಬೆಳಿಗ್ಗೆ 9:15

ಅಯೋಡಿನ್ ಸರಿ, ಆದರೆ ಎಷ್ಟು ಸಿಹಿ ಅಂತ ಅಳೆದಿರಾ? ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನವನು. ನಮ್ಮ ಜೀವನವೇ ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನುವ ಲೆಕ್ಕ. ಒಂದು ಕೈ ರಿಫ್ರಾಕ್ಟೋಮೀಟರ್ ತಗೊಳ್ಳಿ. ಗಾಜಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದರೆ ಎಷ್ಟು ಅಂತ ಕಾಣುತ್ತದೆ. ರಸ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಬಿಯರ್ ಮಾಡುವವರು 1.050 ಅಂತ ಬರೀತಾರಲ್ಲ, ಅದು ಸುಮಾರು 12.5 ಬ್ರಿಕ್ಸ್. ಬ್ರಿಕ್ಸ್ ಅನ್ನು 4ರಿಂದ ಗುಣಿಸಿದರೆ ದಶಾಂಶದ ಆಚೆಗಿನ ಅಂಕಿ ಅಂದಾಜು ಸಿಗುತ್ತದೆ.

ಬಿಸಿ ಹನಿ ಹಾಕಬೇಡಿ, ಲೆಕ್ಕ ತಪ್ಪುತ್ತದೆ. ಚಮಚದಲ್ಲಿ ತೆಗೆದು ಆರಿಸಿ ಹಾಕಿ. ಈಸ್ಟ್ ಹಾಕಿದ ಮೇಲೆ ಈ ಯಂತ್ರ ನಂಬಬೇಡಿ, ಆಲ್ಕೋಹಾಲ್ ಬೆಳಕನ್ನು ಬೇರೆ ಥರ ಬಾಗಿಸುತ್ತದೆ. ಅದಕ್ಕೆ ತೇಲುವ ಹೈಡ್ರೋಮೀಟರೇ ಬೇಕು.


ಮುತ್ಯಾನಮೊಮ್ಮಗ | ಭಾನುವಾರ ಬೆಳಿಗ್ಗೆ 11:20

ಕರದಂಟು ಅವರೇ, ಅವ್ವನಿಗೆ ಕೇಳಿದೆ. 'ಎಸರು ಇಡದ ರೊಟ್ಟಿ ಹರೀತೈತಿ. ಇಷ್ಟು ತಿಳಕೊಳ್ಳಾಕ ಇಂಗ್ಲೆಂಡಿಗೆ ಹೋಗಿದ್ದೆನು?' ಅಂದಳು.

ಮಾಸ್ತರ, ಗೆಳೆಯನ ದ್ರಾಕ್ಷಿ ತೋಟದಲ್ಲಿ ರಿಫ್ರಾಕ್ಟೋಮೀಟರ್ ಇತ್ತು, ತಂದೆ. ಫ್ರಿಜ್‌ನಲ್ಲಿ ಸೀಸೆ ಒಂದರಲ್ಲಿ ಉಳಿದಿದ್ದ ಎರಡನೇ ಸಲದ ರಸ 3.2 ತೋರಿಸುತ್ತಿದೆ.


ಬ್ರಿಕ್ಸ್‌ಮಾಸ್ತರ | ಭಾನುವಾರ ಬೆಳಿಗ್ಗೆ 11:24

3.2! ನಮ್ಮ ಕಾರ್ಖಾನೆಯಲ್ಲಿ ಇದಕ್ಕೆ ನೀರು ಅಂತೀವಿ.


ನವನಗರಸೆಕ್ಟರ್, ಬಾಗಲಕೋಟೆ | ಭಾನುವಾರ ಮಧ್ಯಾಹ್ನ 2:10

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಜೋಳದಷ್ಟು ತಾಳ್ಮೆ ಇಲ್ಲದವನು ನಾನು. ಹೋದ ಏಪ್ರಿಲ್‌ನಲ್ಲಿ ಶುಂಠಿ ಬಿಯರ್ ಮಾಡಲು ಹೋಗಿದ್ದೆ. ತುರಿದ ಶುಂಠಿ, ಮಹಾಲಿಂಗಪುರದ ಬೆಲ್ಲ, ನೀರು. ಐದು ದಿನ ಬಾಟಲಿಯಲ್ಲಿ ದಿನಾ ಸ್ವಲ್ಪ ಶುಂಠಿ, ಸ್ವಲ್ಪ ಬೆಲ್ಲ ಹಾಕುತ್ತಾ ಬಂದರೆ ಗುಳ್ಳೆ ಏಳುತ್ತದೆ. ಶುಂಠಿ ಸಿಪ್ಪೆಯ ಮೇಲೆ ಇರುವ ಈಸ್ಟೇ ಸಾಕು. ಅಲ್ಲಿ ತನಕ ಎಲ್ಲ ಚೆನ್ನಾಗಿತ್ತು.

ಆಮೇಲೆ ತಂಪುಪಾನೀಯದ ಹಳೆಯ ಗಾಜಿನ ಬಾಟಲಿ ಆರು ತುಂಬಿ, ಬಿಗಿಯಾಗಿ ಮುಚ್ಚಿ ಅಡುಗೆಮನೆ ಅಟ್ಟದ ಮೇಲೆ ಇಟ್ಟೆ. ಮೂರನೇ ರಾತ್ರಿ ಒಂದೂವರೆಗೆ ಢಂ ಅಂತು. ಹೆಂಡತಿ ಸಿಲಿಂಡರ್ ಅಂದುಕೊಂಡು ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು. ನಾನು ಒಳಗೆ ಹೋಗಿ ಲೈಟ್ ಹಾಕುವ ಹೊತ್ತಿಗೆ ಎರಡನೆಯದು. ಗಾಜಿನ ಚೂರು ಎದುರಿನ ಗೋಡೆಯಲ್ಲಿ ನಟ್ಟಿತ್ತು. ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಒಡೆದಿತ್ತು. ಬಾಟಲಿಗಿಂತ ಆ ಉಪ್ಪಿನಕಾಯಿಗೇ ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ. ಉಳಿದ ನಾಲ್ಕನ್ನು ಕೌದಿಯಲ್ಲಿ ಸುತ್ತಿ ಹಿತ್ತಲಿಗೆ ಒಯ್ದು, ದೂರದಿಂದ ಕಲ್ಲು ಹೊಡೆದು ಒಡೆದೆ. ತಪ್ಪು ಎಲ್ಲಿ?


ಗೋಕಾಕಕರದಂಟು | ಭಾನುವಾರ ಮಧ್ಯಾಹ್ನ 3:00

ಎಲ್ಲ ಕಡೆ! ಬಾಟಲಿ ಒಳಗೆ ಬೆಲ್ಲ ಉಳಿದಿದೆ, ಈಸ್ಟ್ ಬದುಕಿದೆ, ಬಾಗಲಕೋಟೆಯ ಏಪ್ರಿಲ್. ಗ್ಯಾಸ್ ಎಲ್ಲಿ ಹೋಗಬೇಕು?

ಹುದುಗು ಪೂರ್ತಿ ಮುಗಿದ ಬಿಯರಿಗೆ ಬಾಟಲಿ ತುಂಬುವಾಗ ಗ್ಯಾಸಿಗೆಂದು ಹಾಕುವ ಸಕ್ಕರೆಯೇ ಲೀಟರಿಗೆ 6–7 ಗ್ರಾಂ. ಎರಡು ಚಹಾ ಚಮಚವೂ ಪೂರ್ತಿ ಇಲ್ಲ. ನಿಮ್ಮದರಲ್ಲಿ ಲೀಟರಿಗೆ 80–100 ಗ್ರಾಂ ಬೆಲ್ಲ ಇದ್ದಿರಬೇಕು. ಗೋಲಿ ಸೋಡಾ ಬಾಟಲಿ ತಡೆಯುತ್ತಲ್ಲ ಅಂತ ಕೇಳಬೇಡಿ. ಹೈರಮ್ ಕಾಡ್ ಅನ್ನುವವರು 1872ರಲ್ಲಿ ಪೇಟೆಂಟ್ ಪಡೆದ ಆ ದಪ್ಪ ಗಾಜಿನ ಬಾಟಲಿಗೆ ಯಂತ್ರದಿಂದ ಅಳತೆ ಮಾಡಿ ಗ್ಯಾಸ್ ತುಂಬುತ್ತಾರೆ. ಅದು ಒಳಗೆ ಬೆಳೆಯುವುದಿಲ್ಲ. ನಿಮ್ಮದು ಬೆಳೆಯುತ್ತಿತ್ತು.

ಪ್ಲಾಸ್ಟಿಕ್ ಸೋಡಾ ಬಾಟಲಿ ತಗೊಳ್ಳಿ. ದಿನಕ್ಕೆ ಎರಡು ಸಲ ಒತ್ತಿ ನೋಡಿ. ಕಲ್ಲಿನ ಹಾಗೆ ಗಟ್ಟಿ ಆಯಿತೋ, ಸೀದಾ ಫ್ರಿಜ್‌ಗೆ. ಬೇಸಿಗೆಯಲ್ಲಿ ಒಂದೇ ದಿನ ಸಾಕು.


ನಿರ್ವಾಹಕ | ಭಾನುವಾರ ಸಂಜೆ 6:30

ಮಾತು ಹುದುಗಿನ ಕಡೆ ಹೊರಳಿದ್ದರಿಂದ ಒಂದು ಸಲ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಅದರಲ್ಲಿ ಬರುತ್ತದೆ. ಆಹಾರ ಸುರಕ್ಷತೆಯ ನಿಯಮದಲ್ಲಿ 0.5 ಶೇಕಡಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಮದ್ಯದ ಪಾನೀಯ. ಶುಂಠಿ ಬಿಯರ್ ನಾಲ್ಕೈದು ದಿನ ಹೊರಗೆ ಬಿಟ್ಟರೆ ಈ ಗೆರೆ ಸುಲಭವಾಗಿ ದಾಟುತ್ತದೆ. ಬೇಗ ತಣ್ಣಗೆ ಮಾಡಿ, ಬೇಗ ಕುಡಿದು ಮುಗಿಸಿ. ಭಟ್ಟಿ ಇಳಿಸುವ ಮಾತು ಬಂದರೆ ಆ ಬರಹ ತೆಗೆಯುತ್ತೇನೆ, ಚರ್ಚೆ ಇಲ್ಲ.


ಖಡೇಬಜಾರ್, ಬೆಳಗಾವಿ | ಭಾನುವಾರ ರಾತ್ರಿ 8:15

ಇದೇ ನನಗೆ ಸಿಟ್ಟು ಬರೋದು. ಪುಣೆಯಲ್ಲಿ 2009ರಲ್ಲೇ ಡೂಲಾಲಿ ಅನ್ನುವ ಬ್ರೂಪಬ್ (ಅಲ್ಲೇ ಬಿಯರ್ ಮಾಡಿ ಮಾರುವ ಅಂಗಡಿ) ಶುರುವಾಯಿತು. ಬೆಂಗಳೂರಿನಲ್ಲಿ ಓಣಿಗೊಂದು ಬ್ರೂಪಬ್. ದುಡ್ಡಿದ್ದವರು ದೊಡ್ಡ ತಾಮ್ರದ ಹಂಡೆ ಇಟ್ಟು ಕಾಸಿದರೆ ಅದು ಕ್ರಾಫ್ಟ್. ನಾನು ಉದ್ಯಮಬಾಗದಲ್ಲಿ ಒಂದು 20 ಲೀಟರ್ ಸ್ಟೀಲ್ ಡಬರಿಗೆ ನಲ್ಲಿ ವೆಲ್ಡಿಂಗ್ ಮಾಡಿಸಿದರೆ ಅಪರಾಧಿ. ಮನೆಯಲ್ಲಿ ನಾಲ್ಕು ಲೀಟರ್ ಮಾಡಿಕೊಂಡರೆ ಯಾರಿಗೆ ತೊಂದರೆ?


ಅಮೀನಗಡದಮಗಳು, ಬಾಗಲಕೋಟೆ | ಭಾನುವಾರ ರಾತ್ರಿ 8:50

ಯಾರಿಗೆ ತೊಂದರೆ ಅಂತ 2007ಕ್ಕೆ ಮುಂಚೆ ನಮ್ಮ ಓಣಿಯಲ್ಲಿದ್ದ ಹೆಣ್ಣುಮಕ್ಕಳಿಗೆ ಕೇಳಬೇಕಿತ್ತು ಸರ. ಆ ವರ್ಷ ಜುಲೈನಲ್ಲಿ ಸಾರಾಯಿ ಬಂದ್ ಆಯಿತು. ಅದಕ್ಕೆ ಮುಂಚೆ ಸಂಬಳದ ದಿನ ನಮ್ಮ ಅವ್ವ ಪ್ಯಾಕೆಟ್ ಅಂಗಡಿ ಎದುರು ನಿಂತು ಅಪ್ಪನ ಕಿಸೆಯಿಂದ ರೇಷನ್ ದುಡ್ಡು ಕಿತ್ತುಕೊಳ್ಳುತ್ತಿದ್ದಳು. ನಿಮ್ಮ ನಾಲ್ಕು ಲೀಟರ್ ಬೇರೆ, ಗೊತ್ತು. ಆದರೆ ಕಾಯ್ದೆ ಬರೆಯುವವರು ನಿಮ್ಮ ಡಬರಿ ನೋಡಿ ಬರೆಯುವುದಿಲ್ಲ.

ಜೋಳದ ಪಾನಕ ಆಯಿತಾ ಅಂತ ತಿಳಿಯಲು ಬಂದವಳು ನಾನು. ಅದನ್ನು ಮುಂದುವರಿಸಿ.


ಖಡೇಬಜಾರ್ | ಭಾನುವಾರ ರಾತ್ರಿ 9:02

ನಿಮ್ಮ ಮಾತು ಒಪ್ಪಿದೆ ಅಕ್ಕಾ. ನನ್ನ ಸಿಟ್ಟು ಹಾಗೇ ಇದೆ, ಆದರೆ ಒಪ್ಪಿದೆ.


ಚಿಕ್ಕೋಡಿಯಿಂದಕಾನ್ಸಾಸ್ | ಸೋಮವಾರ ಬೆಳಿಗ್ಗೆ 6:05

ಇಲ್ಲಿ ಇನ್ನೂ ಭಾನುವಾರ. ಕಾನ್ಸಾಸ್ ಅಂದರೆ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಜೋಳ ಬೆಳೆಯುವ ರಾಜ್ಯ. ರಸ್ತೆ ಪಕ್ಕ ಕಿಲೋಮೀಟರ್‌ಗಟ್ಟಲೆ ಜೋಳ ನಿಂತಿರುತ್ತದೆ. ರೊಟ್ಟಿ ತಟ್ಟುವವರು ಇಲ್ಲ, ದನ ತಿನ್ನುತ್ತದೆ ಅಥವಾ ಕಾರಿನ ಎಥೆನಾಲ್ ಆಗುತ್ತದೆ. ಮೊದಲ ವರ್ಷ ನೋಡಿ ಹೊಟ್ಟೆ ಉರಿದಿತ್ತು.

ಇಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ 757 ಲೀಟರ್. ಮಾರುವ ಹಾಗಿಲ್ಲ. ಆರು ವರ್ಷದಿಂದ ನೆಲಮಾಳಿಗೆಯಲ್ಲಿ ಮಾಡುತ್ತಿದ್ದೇನೆ. ಬಾರ್ಲಿಯಲ್ಲಿ ಮಾಡದ ಬಿಯರ್ ಇಲ್ಲ, ಜೋಳ ಮುಟ್ಟಿಲ್ಲ.

ಮುತ್ಯಾನಮೊಮ್ಮಗ, ಒಂದು ಒಪ್ಪಂದ ಮಾಡಿಕೊಳ್ಳೋಣ. ಸಿಹಿ ರಸದ ತನಕ ನೀವು ಹಾದಿ ಹುಡುಕಿ. ಅದೇ ಅಳತೆಯಲ್ಲಿ ನಾನು ಇಲ್ಲಿ ರಸ ತೆಗೆದು ಈಸ್ಟ್ ಹಾಕುತ್ತೇನೆ. ನೀವು ಪಾನಕ ಕುಡಿಯಿರಿ, ನಾನು ಬಿಯರ್ ಕುಡಿದು ಸುದ್ದಿ ಹೇಳುತ್ತೇನೆ.

ಜೋಳದ ಬಿಯರ್ ಹೊಸದೇನಲ್ಲ. ದಕ್ಷಿಣ ಆಫ್ರಿಕಾದ ಉಮ್‌ಕೊಂಬೋತಿ ಇದೆ, ಬುರ್ಕಿನಾ ಫಾಸೋದ ಡೋಲೋ ಇದೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ ಇಳಿದವು. ಜೋಳದಲ್ಲಿ ಬಿಯರ್ ಆಗೋದಿಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು.


ಮುತ್ಯಾನಮೊಮ್ಮಗ | ಸೋಮವಾರ ರಾತ್ರಿ 10:00

ಒಪ್ಪಿದೆ ಅಣ್ಣಾ. ಇವತ್ತೇ 2 ಕಿಲೋ ನೆನೆಸಿದ್ದೇನೆ.

ನಡುವೆ ಎರಡು ಪ್ರಶ್ನೆ. ನಮ್ಮ ಬೋರ್ ನೀರು ಭಾಳ ಗಡಸು, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನಡೆಯುತ್ತಾ? ಮತ್ತೆ, ಬಿಯರಿನ ಆ ಕಹಿ ಪಾನಕಕ್ಕೂ ಸ್ವಲ್ಪ ಬೇಕು ಅನ್ನಿಸುತ್ತದೆ. ಬರೀ ಸಿಹಿ ಅಂದರೆ ಎರಡು ಗುಟುಕಿಗೆ ಸಾಕಾಗುತ್ತದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಬದಲಿಗೆ ಏನು ಹಾಕಬಹುದು?


ತಿಳಕವಾಡಿಅಕ್ಕ | ಮಂಗಳವಾರ ಬೆಳಿಗ್ಗೆ 7:10

ನೀರನ್ನು ಹಿಂದಿನ ರಾತ್ರಿ ಕುದಿಸಿ ಇಡಿ. ಬಿಳಿ ಪೊರೆ ತಳಕ್ಕೆ ಇಳಿಯುತ್ತದೆ, ಮೇಲಿನದು ಮಾತ್ರ ಬಗ್ಗಿಸಿಕೊಳ್ಳಿ. ಗಡಸು ನೀರಿನಲ್ಲಿ ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಅಂಕಿ ಹೆಚ್ಚು) ಮೇಲೇರಿ ಕಿಣ್ವ ಸೋಮಾರಿ ಆಗುತ್ತದೆ. 5.2ರಿಂದ 5.6ರ ನಡುವೆ ಇದ್ದರೆ ಚೆನ್ನ. ನಿಮ್ಮ ಇಂಡಿ ನಿಂಬೆಯನ್ನು ಕೊನೆಗೆ ಮಾತ್ರ ಅಲ್ಲ, ಶುರುವಿಗೂ ಅರ್ಧ ಹೋಳು ಹಿಂಡಿ. ಪಿಎಚ್ ಕಾಗದದ ಪಟ್ಟಿ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.


ಗೋಕಾಕಕರದಂಟು | ಮಂಗಳವಾರ ಬೆಳಿಗ್ಗೆ 8:00

ಹಾಪ್ಸ್ ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಬೆಳೆದಿದ್ದಾರೆ, ನಮ್ಮ ಬಿಸಿಲಿಗೆ ಆ ಬಳ್ಳಿ ಅಲ್ಲ. ಮೆಂತ್ಯ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. ಇಡೀ ಹಂಡೆ ಉಪ್ಪಿನಕಾಯಿ ಮಸಾಲೆ ಘಮ. ನಮ್ಮ ಮಾಲೀಕರು ಮೂಸಿ, ಏನೂ ಮಾತಾಡದೆ, ಕ್ಯಾಲ್ಕುಲೇಟರ್ ತೆಗೆದರು. ಕಿತ್ತಳೆ ಸಿಪ್ಪೆಯ ಹೊರಗಿನ ಬಣ್ಣದ ಭಾಗ, ಜೊತೆಗೆ ಒಣಶುಂಠಿ, ಕುದಿಯುವ ಕೊನೆಯ ಹತ್ತು ನಿಮಿಷದಲ್ಲಿ ಹಾಕಿ. ಸಾಕು.


ಮುತ್ಯಾನಮೊಮ್ಮಗ | ಎರಡು ವಾರದ ನಂತರ, ಮಂಗಳವಾರ ರಾತ್ರಿ 11:30

ಮೂರನೇ ಸಲ. ಅರ್ಧ ಗೆದ್ದೆ.

ಐದು ದಿನ ಮೊಳಕೆ, ನೆರಳು, ಆಮೇಲೆ ಬಿಸಿಲು. ಅವ್ವ, ನಾನು ಕೂತು ಗೋಣಿಚೀಲದ ಮೇಲೆ ಒಂದು ತಾಸು ತಿಕ್ಕಿದೆವು. ಮೊರದಿಂದ ಹಾರಿದ ಬೇರಿನ ಪುಡಿ ಒಂದು ಸೇರಿನಷ್ಟಾಯಿತು. ಎರೆಹೊಲ ಅಣ್ಣ ಹೇಳಿದ್ದು ನೆನಪಾಗಿ ಅದನ್ನು ತಿಪ್ಪೆಗೂ ಹಾಕಲಿಲ್ಲ, ದನ ಬಾಯಿ ಹಾಕುತ್ತವೆ ಅಂತ. ಗುಂಡಿ ತೋಡಿ ಮುಚ್ಚಿದೆ.

ಬೋಳಾದ ಮಾಲ್ಟ್‌ನಲ್ಲಿ 1 ಕಿಲೋ ತಗೊಂಡೆ. ತಿಳಿ ಒಂದೂವರೆ ಲೀಟರ್ ಸಿಕ್ಕಿತು. ಗಟ್ಟಿಯನ್ನು ಕುದಿಸಿದೆ, ತಳ ಹಿಡಿಯಿತು, ಕೈ ಸುಟ್ಟುಕೊಂಡೆ. ಸ್ವಲ್ಪ ಆರಿಸಿ ತಿಳಿ ಸುರಿದೆ. ಕರದಂಟು ಅವರು ಹೇಳಿದ ಐದು ನಿಮಿಷ ಬಂತು ನೋಡಿ. ಸೌಟು ಹಿಡಿದು ನಿಂತಿದ್ದೆ. ಮೊದಲು ಸೌಟಿನ ಸುತ್ತ ನೀರು ಬಿಟ್ಟಂತಾಯಿತು. ಆಮೇಲೆ ಸೌಟು ತಾನಾಗಿ ವಾಲಿತು. ಗಂಜಿ ಹೋಗಿ ಸಾರು. ಅವ್ವ ಬಂದು ಇಣುಕಿ 'ಒಡೀತೇನ?' ಅಂದಳು, ಹಾಲು ಒಡೆದ ಹಾಗೆ.

ಡಬರಿಯನ್ನು ಅವ್ವ ಹೊಲಿದ ಕೌದಿಯಲ್ಲಿ ಎರಡು ಸುತ್ತು ಸುತ್ತಿ ಇಟ್ಟೆ. ಒಂದೂವರೆ ತಾಸು ಆದ ಮೇಲೆ ನೋಡಿದರೆ 64 ಇದ್ದದ್ದು 61. ಅಯೋಡಿನ್ ಹನಿ ನೀಲಿ ಆಗಲಿಲ್ಲ. ಚಹದ ಬಣ್ಣ!

ಸೋತದ್ದು ಸೋಸುವಲ್ಲಿ. ಧೋತರದ ಬಟ್ಟೆಯಲ್ಲಿ ಹಾಕಿದರೆ ಹನಿ ಹನಿ. ರಾತ್ರಿಯಿಡೀ ತೂಗುಹಾಕಿದೆ. ಬೆಳಿಗ್ಗೆ ಹುಳಿ ವಾಸನೆ. ಇಲ್ಲಿ ರಾತ್ರಿಯೂ 27 ಡಿಗ್ರಿ.


ಗೋಕಾಕಕರದಂಟು | ಬುಧವಾರ ಬೆಳಿಗ್ಗೆ 7:40

ಕೌದಿ! ನಮ್ಮಲ್ಲಿ ಇದಕ್ಕೆ ಲಕ್ಷಗಟ್ಟಲೆ ಕೊಟ್ಟು ಜಾಕೆಟ್ ಇರುವ ಟ್ಯಾಂಕ್ ತರಿಸಿದ್ದಾರೆ.

ಸೋಸುವುದು ಹೇಳಲು ಮರೆತಿದ್ದೆ, ನನ್ನದೇ ತಪ್ಪು. ಬಾರ್ಲಿ ಕಾಳಿಗೆ ಹೊಟ್ಟು ಅಂಟಿಕೊಂಡಿರುತ್ತದೆ, ಅದೇ ತಳದಲ್ಲಿ ಜರಡಿಯಾಗಿ ನಿಲ್ಲುತ್ತದೆ. ಜೋಳ ಬೋಳು ಕಾಳು. ಭತ್ತದ ಹೊಟ್ಟು ಸೇರಿಸಿ, ಕಿಲೋ ಮಾಲ್ಟಿಗೆ ಒಂದು ದೊಡ್ಡ ಮುಷ್ಟಿ. ಮೊದಲು ಮೂರು ನೀರು ತೊಳೆದು ಕುದಿಸಿ, ಇಲ್ಲಾಂದ್ರೆ ಧೂಳಿನ ರುಚಿ ಬರುತ್ತೆ.


ಖಡೇಬಜಾರ್ | ಬುಧವಾರ ಬೆಳಿಗ್ಗೆ 9:00

ವಿಜಯಪುರದಲ್ಲಿ ಭತ್ತದ ಹೊಟ್ಟು ಎಲ್ಲಿ ಹುಡುಕ್ತೀರಿ? ನಮ್ಮ ಖಾನಾಪುರ ಕಡೆ ಗಿರಣಿ ಮುಂದೆ ರಾಶಿ ಬಿದ್ದಿರುತ್ತದೆ. ಶುಕ್ರವಾರ ನಮ್ಮ ಹುಡುಗ ಬಸ್ಸಿಗೆ ಬರ್ತಾನೆ, ಒಂದು ಚೀಲ ಕೊಟ್ಟು ಕಳಿಸ್ತೀನಿ. ನನ್ನ ಡಬರಿಗಂತೂ ಕೆಲಸ ಇಲ್ಲ, ನಿಮ್ಮದಕ್ಕಾದರೂ ಆಗಲಿ.


ಮುತ್ಯಾನಮೊಮ್ಮಗ | ಸೋಮವಾರ ರಾತ್ರಿ 9:15

ನಾಲ್ಕನೇ ಸಲ. ಹೊಟ್ಟು ಸೇರಿಸಿದೆ. ಹೊಸ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಟ್ಟೆ ಹಾಸಿ ಸುರಿದೆ. 25 ನಿಮಿಷದಲ್ಲಿ ಇಳಿದುಹೋಯಿತು. ಮೊದಲು ಕಲಕಲು, ಅದನ್ನೇ ಮತ್ತೆ ಮೇಲೆ ಸುರಿದಾಗ ಹೊನ್ನಿನ ಬಣ್ಣ. 1 ಕಿಲೋ ಮಾಲ್ಟಿನಿಂದ ಎರಡೂವರೆ ಲೀಟರ್. ಮುಚ್ಚಳ ಇಲ್ಲದೆ 40 ನಿಮಿಷ ಕುದಿಸಿದೆ. ಆರಿಸಿ ಅಳೆದರೆ 11.2 ಬ್ರಿಕ್ಸ್.


ಬ್ರಿಕ್ಸ್‌ಮಾಸ್ತರ | ಸೋಮವಾರ ರಾತ್ರಿ 9:18

ಈಗ ಮಾತಾಡಬಹುದು.


ಚಿಕ್ಕೋಡಿಯಿಂದಕಾನ್ಸಾಸ್ | ಮೂರು ವಾರದ ನಂತರ, ಭಾನುವಾರ ರಾತ್ರಿ 8:30

ಒಪ್ಪಂದದ ನನ್ನ ಪಾಲು. ಇಲ್ಲಿನ ಬಿಳಿಜೋಳ 5 ಕಿಲೋ, ಅದೇ ವಿಧಾನ. ಕೌದಿ ಇಲ್ಲ, ಹಳೆಯ ಸ್ಲೀಪಿಂಗ್ ಬ್ಯಾಗ್. ಶುರುವಿಗೆ 1.044. ಏಲ್ ಈಸ್ಟ್ ಹಾಕಿ 19 ಡಿಗ್ರಿ ನೆಲಮಾಳಿಗೆಯಲ್ಲಿ ಎರಡು ವಾರ ಇಟ್ಟೆ. 1.014ಕ್ಕೆ ನಿಂತಿತು. ಲೆಕ್ಕ ಹಾಕಿದರೆ 3.9 ಶೇಕಡ. ಬಾರ್ಲಿ ಆಗಿದ್ದರೆ ಇನ್ನೂ ಇಳಿಯುತ್ತಿತ್ತು. ಕರದಂಟು ಅವರಿಗೆ ಫೋನ್ ಮಾಡಿದ್ದೆ. ಜೋಳದಲ್ಲಿ ಬೀಟಾ ಅಮೈಲೇಸ್ ಅನ್ನುವ ಕಿಣ್ವ ಕಡಿಮೆ, ಈಸ್ಟ್ ತಿನ್ನಲಾಗದ ಉದ್ದ ಸರಪಳಿಯ ಸಕ್ಕರೆ ಜಾಸ್ತಿ ಉಳಿಯುತ್ತದೆ ಅಂದರು.

ರುಚಿ? ನೊರೆ ಲೋಟಕ್ಕೆ ಸುರಿದಷ್ಟೇ ಬೇಗ ಮಾಯ. ಮೊದಲ ಗುಟುಕು ಸಾಧಾರಣ. ಎರಡನೆಯದರ ಕೊನೆಗೆ ಮೂಗಿನ ಹಿಂದೆ ಒಂದು ವಾಸನೆ ಬರುತ್ತದೆ. ಬಿಸಿ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದಾಗ ಬರುತ್ತಲ್ಲ, ಅದೇ. ಇಲ್ಲಿನ ಗೆಳೆಯರು ಸುಟ್ಟ ಬ್ರೆಡ್ ಅಂದರು, ಪಾಪ. ಜೊತೆಗೆ ಶೇಂಗಾ ಚಟ್ನಿ ಇಟ್ಟಿದ್ದೆ, ಅದು ಮಾತ್ರ ಮೊದಲು ಖಾಲಿ ಆಯಿತು. ಪಾನಕದ ಕಥೆ ಏನಾಯಿತು?


ಮುತ್ಯಾನಮೊಮ್ಮಗ | ಭಾನುವಾರ ರಾತ್ರಿ 9:45

ಮುತ್ಯಾಗೆ ಕೊಟ್ಟೆ. ಫ್ರಿಜ್‌ನಿಂದ ತೆಗೆದು ನಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿ, ತಂಬಿಗೆಯಲ್ಲಿ. ಹೊರಗೆ 41 ಡಿಗ್ರಿ. ಅರ್ಧ ಕುಡಿದು 'ಬೆಲ್ಲ ಜಾಸ್ತಿ ಆಗೇತಿ' ಅಂದ. ಬೆಲ್ಲ ಹಾಕಿಲ್ಲ ಮುತ್ಯಾ, ಸಕ್ಕರೆಯೂ ಇಲ್ಲ, ಬರೀ ಜೋಳ ಅಂದೆ. ನನ್ನ ಮುಖ ನೋಡಿದ. ತಂಬಿಗೆ ಕೆಳಗಿಟ್ಟು, ಕೋಲು ಹಿಡಿದು ಎದ್ದು, ಅಡುಗೆಮನೆಗೆ ಹೋಗಿ ಬೆಲ್ಲದ ಡಬ್ಬಿ ತೆರೆದು ನೋಡಿ ಬಂದ. ಉಳಿದ ಅರ್ಧ ಕುಡಿದ.


ಅಮೀನಗಡದಮಗಳು | ಭಾನುವಾರ ರಾತ್ರಿ 9:52

ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತೆ? ಬರುವ ಭಾನುವಾರ ಮನೆಗೆ ಜನ ಬರ್ತಾರೆ, ಇವತ್ತೇ ಜೋಳ ನೆನೆಸಬೇಕಾ?


ಮುತ್ಯಾನಮೊಮ್ಮಗ | ಭಾನುವಾರ ರಾತ್ರಿ 9:55

ಎರಡು ದಿನ, ಮೂರನೇ ದಿನ ಇಡಬೇಡಿ. ಬರುವ ಭಾನುವಾರಕ್ಕೆ ಆಗಲ್ಲ ಅಕ್ಕಾ, ಮೊಳಕೆ ಮತ್ತು ಒಣಗಿಸೋದಕ್ಕೇ ಎಂಟು ದಿನ ಬೇಕು. ನನ್ನ ಹತ್ತಿರ ತಿಕ್ಕಿ ಇಟ್ಟ ಮಾಲ್ಟ್ 2 ಕಿಲೋ ಇದೆ, ಬಸ್ಸಿಗೆ ಹಾಕ್ತೀನಿ. ಹೊಟ್ಟು ಮಾತ್ರ ಖಡೇಬಜಾರ್ ಸರ್ ಹತ್ತಿರ ಕೇಳಿ.